ಡ್ಯಾಂ 180 ಪರ್ಸೆಂಟ್ ತುಂಬಿದೆಯಂತೆ!

ನನ್ನೂರು ನಂಜನಗೂಡು. ಅಲ್ಲಿ ಕಪಿಲೆ ಎಷ್ಟು ಏರಿದ್ದಾಳೆ ಎಂದು ತಿಳಿಯಲು ಮೀಟರು ಗೀಟರು ಬೇಕಿಲ್ಲ. ಹೊಳೆಯಲ್ಲಿರುವ ಹದಿನಾರು ಕಾಲು ಮಂಟಪ ಮುಳುಗಿತಾ, ಇಲ್ವಾ? ಅಷ್ಟು ಗೊತ್ತಾದರೆ ಸಾಕು. ಕಬಿನಿಯಿಂದ ನೀರು ಬಿಟ್ಟ ದಿನ ಅಮ್ಮ ಫೋನ್ ಮಾಡಿದರೆ ಮೊದಲ ಸುದ್ದಿಯೇ ಅದು.

ಹಾಗಾಗಿ ಆಸ್ಟ್ರೇಲಿಯಾದ ಬ್ರಿಸ್ಬೇನಿಗೆ ಬಂದ ಹೊಸತರಲ್ಲಿ ನದಿ ಪಕ್ಕದ ಮನೆ ಸಿಕ್ಕಿದಾಗ ಖುಷಿಯಾಗಿತ್ತು. ವೆಸ್ಟ್ ಎಂಡಿನಲ್ಲಿ ಮೂರನೇ ಮಹಡಿ. ನದಿ ಇಲ್ಲಿ ಹಾವಿನ ಹಾಗೆ ಸುತ್ತಿ ಬಳಸಿ ಹರಿಯುತ್ತದೆ. ಎತ್ತ ಹೋದರೂ ಒಂದು ಸೇತುವೆ ಸಿಗುತ್ತದೆ. ನೀರು ಮಾತ್ರ ಸದಾ ಕಂದು, ಚಹಾಕ್ಕೆ ಹಾಲು ಕಮ್ಮಿಯಾದ ಬಣ್ಣ. ಸಮುದ್ರದ ಉಬ್ಬರ ಊರೊಳಗೆ ಬರುವುದರಿಂದ ದಿನಕ್ಕೆ ಎರಡು ಸಲ ನದಿ ಹಿಂದಕ್ಕೆ ಹರಿಯುತ್ತದೆ. ಕಪಿಲೆ ನೋಡಿ ಬೆಳೆದ ಕಣ್ಣಿಗೆ ಇದು ಒಗ್ಗಲು ತಿಂಗಳುಗಳೇ ಬೇಕಾದವು. ಆಫೀಸಿಗೆ ಸಿಟಿಕ್ಯಾಟ್ ದೋಣಿ. ಬಸ್ಸಿಗಿಂತ ತಡ, ಆದರೂ ನಾನು ಬಿಡುವುದಿಲ್ಲ.

ಇಲ್ಲಿನವರು ನೆರೆಯನ್ನು ವರ್ಷದ ಹೆಸರಿನಲ್ಲೇ ಕರೆಯುತ್ತಾರೆ. "ಎಪ್ಪತ್ನಾಲ್ಕರಲ್ಲಿ ಇಲ್ಲಿ ತನಕ ಬಂದಿತ್ತು", "ಹನ್ನೊಂದರಲ್ಲಿ ಅಲ್ಲಿ ತನಕ". 1893ರ ಕಥೆ ಇನ್ನೂ ಮಜವಾಗಿದೆ. ಆ ಫೆಬ್ರವರಿಯ ನೆರೆ ವಿಕ್ಟೋರಿಯಾ ಸೇತುವೆಯ ಒಂದು ಭಾಗವನ್ನೇ ಕೊಚ್ಚಿಕೊಂಡು ಹೋಯಿತು. ಪಲೂಮಾ ಎಂಬ ಯುದ್ಧನೌಕೆ ತೇಲಿ ಬಂದು ಸಸ್ಯೋದ್ಯಾನದೊಳಗೆ ಕೂತುಬಿಟ್ಟಿತು. ನೀರು ಇಳಿದ ಮೇಲೆ ಹಡಗು ಹುಲ್ಲಿನ ಮೇಲೆ! ಎಳೆಯುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿರುವಾಗಲೇ, ಅದೇ ತಿಂಗಳಲ್ಲಿ ಮತ್ತೆ ನೆರೆ ಬಂದು ಅದನ್ನು ವಾಪಸ್ ನದಿಗೆ ಇಳಿಸಿತು. ಈಗ ಅದೇ ತೋಟದಲ್ಲಿ ಜನ ಚಾಪೆ ಹಾಸಿ ಊಟ ಮಾಡುತ್ತಾರೆ.

1974ರ ನೆರೆಯಲ್ಲಿ ಸಿಟಿ ಗೇಜ್, ಅಂದರೆ ಊರಿನ ನಡುವೆ ನದಿಯ ಮಟ್ಟ ಅಳೆಯುವ ಮಾಪಕ, 5.45 ಮೀಟರ್ ಮುಟ್ಟಿತ್ತು. ಆಮೇಲೆ ಊರಿಗಿಂತ ಮೇಲೆ ಇದೇ ನದಿಗೆ ಕಟ್ಟಿದ್ದು ವೈವೆನ್ಹೋ ಡ್ಯಾಂ. ಇದರ ಲೆಕ್ಕವೇ ಬೇರೆ. ಕೆಆರ್‌ಎಸ್ ಎಂದರೆ ನಮಗೆ 124.80 ಅಡಿ, ಅಷ್ಟಾದರೆ ತುಂಬಿತು, ಬಾಗಿನ ಬಿಡಬೇಕು. ಇಲ್ಲಿ ಕುಡಿಯುವ ನೀರಿನ ಪಾಲು ತುಂಬಿದರೆ ನೂರು ಪರ್ಸೆಂಟ್. ಅದರ ಮೇಲೆ ಇನ್ನೂ ಅದಕ್ಕಿಂತ ಜಾಸ್ತಿ ಜಾಗವನ್ನು ನೆರೆ ನೀರು ಹಿಡಿಯಲೆಂದೇ ಖಾಲಿ ಬಿಟ್ಟಿರುತ್ತಾರೆ. 2022ರ ಫೆಬ್ರವರಿ ಕೊನೆಯಲ್ಲಿ ಮಳೆ ಹಿಡಿಯುವಾಗ ಡ್ಯಾಂ 60 ಪರ್ಸೆಂಟಿನ ಆಸುಪಾಸಿನಲ್ಲಿತ್ತು. ಮೂರೇ ದಿನದಲ್ಲಿ ಊರಿಗೆ 600 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯಿತು. ಡ್ಯಾಂ 180 ದಾಟಿತು. ಅಪ್ಪನಿಗೆ ಹೇಳಿದರೆ, "ನೂರಾ ಎಂಬತ್ತಾ? ಸರಿಯಾಗಿ ಓದು" ಎಂದರು.

ಅಷ್ಟು ಹಿಡಿದಿಟ್ಟರೂ ನಾವು ಮುಳುಗಿದ್ದು ಯಾಕೆ? ಲಾಕ್ಯರ್ ಹಳ್ಳ, ಬ್ರೆಮರ್ ನದಿ ಎರಡೂ ಡ್ಯಾಮಿನ ಕೆಳಗೆ ಬಂದು ಸೇರುತ್ತವೆ. ಅವಕ್ಕೆ ಗೇಟಿಲ್ಲ. ಊರಿನ ಮೇಲೆಯೇ ಸುರಿದ ಮಳೆಗಂತೂ ಯಾವ ಡ್ಯಾಮೂ ಅಡ್ಡ ಬರುವುದಿಲ್ಲ.

ನೆರೆ ಎಂದರೆ ನದಿ ದಡ ಮೀರಿ ನುಗ್ಗಿ ಬರುತ್ತದೆ ಎಂದುಕೊಂಡಿದ್ದೆ. ನಮ್ಮ ಬೀದಿಗೆ ಅದು ಬಂದಿದ್ದು ಚರಂಡಿಯಿಂದ. ಮಳೆನೀರು ನದಿಗೆ ಹೋಗುವ ಪೈಪಿನಲ್ಲೇ ನದಿ ವಾಪಸ್ ಬಂತು. ಭಾನುವಾರ ಮಧ್ಯಾಹ್ನ ರಸ್ತೆ ಬದಿಯ ಜಾಲರಿಯಿಂದ ಗುಳು ಗುಳು ಎಂದು ನೀರು ಏಳುತ್ತಿತ್ತು, ಒಂಚೂರೂ ಆತುರವಿಲ್ಲದೆ. ಕಾರನ್ನು ಗುಡ್ಡದ ಮೇಲಿನ ಗೆಳತಿಯ ಮನೆ ಹತ್ತಿರ ಬಿಟ್ಟು ಬಂದೆವು. ಸೋಮವಾರ, 28ರಂದು, ಗೇಜ್ 3.85ಕ್ಕೆ ಏರಿ ನಿಂತಿತು. 2011ರ 4.46ಕ್ಕಿಂತ ಕಡಿಮೆಯೇ. ಮೂರನೇ ಮಹಡಿಗೇನೂ ಆಗಲಿಲ್ಲ. ಆದರೆ ಕಟ್ಟಡದ ಕರೆಂಟಿನ ಬೋರ್ಡು, ಲಿಫ್ಟಿನ ಮೋಟಾರು ಎಲ್ಲವೂ ನೆಲಮಾಳಿಗೆಯಲ್ಲಿ. ನದಿ ಪಕ್ಕ ಕಟ್ಟುವಾಗ ಇದನ್ನು ಅಲ್ಲಿಟ್ಟವರ ಬುದ್ಧಿಗೆ ಏನು ಹೇಳುವುದು! ಒಂಬತ್ತು ದಿನ ಕತ್ತಲೆ.

ಪಕ್ಕದಲ್ಲೇ ಹಳೇ ಕಾಲದ ಮರದ ಮನೆಯಿದೆ. ಕ್ವೀನ್ಸ್‌ಲ್ಯಾಂಡರ್ ಎನ್ನುತ್ತಾರೆ. ಆಳೆತ್ತರದ ಕಂಬಗಳ ಮೇಲೆ ಕೂತ ಮನೆ. ನೀರು ಕೆಳಗೆ ಬಂತು, ಹೋಯಿತು. ಆ ಮನೆಯ ಅಜ್ಜಿ ಪೈಪ್ ಹಿಡಿದು ಕಂಬ ತೊಳೆದು, ನಮ್ಮ ಕಡೆ ಬಂದು ಪೊರಕೆ ಕೊಟ್ಟರು.

ನಮ್ಮ ನೆಲಮಾಳಿಗೆಯ ಗೂಡಿನಲ್ಲಿ ಮೈಸೂರಿನಿಂದ ತಂದ ವೆಟ್ ಗ್ರೈಂಡರ್ ಇತ್ತು. ಪಂಪು ಹಾಕಿ ನೀರು ತೆಗೆದ ಮೇಲೆ ಟಾರ್ಚ್ ಹಿಡಿದು ಇಳಿದೆ. ಡೀಸೆಲ್, ಮೋರಿ, ಕೊಳೆತ ಎಲೆ, ಎಲ್ಲ ಕಲಸಿದ ನಾತ. ಕೆಸರು ದೋಸೆ ಹಿಟ್ಟಿಗಿಂತ ನುಣ್ಣಗಿತ್ತು, ಸುಳ್ಳಲ್ಲ. ಗ್ರೈಂಡರಿನ ಪಾತ್ರೆ ತುಂಬಾ ಅದೇ, ಮೇಲೆ ಕೆನೆಯ ಹಾಗೆ ಬಿರುಕು ಬಿಟ್ಟಿತ್ತು. ಮೋಟಾರು ಸತ್ತಿತ್ತು. ಕಲ್ಲುಗಳನ್ನು ಮಾತ್ರ ಎತ್ತಿ ತಂದು ತೊಳೆದೆ. ಎಷ್ಟು ಸಲ ಉಜ್ಜಿದರೂ ಕಂದು ನೀರೇ. ಕೊನೆಗೆ ಬಾಲ್ಕನಿಯ ಕರಿಬೇವಿನ ಕುಂಡದ ಪಕ್ಕ ಇಟ್ಟೆ, ಇನ್ನೂ ಅಲ್ಲೇ ಇವೆ.

ದೋಣಿಗಳು ವಾರಗಟ್ಟಲೆ ನಿಂತಿದ್ದವು. ಹಲವು ದೋಣಿಕಟ್ಟೆಗಳನ್ನು 2011ರ ನಂತರ ಹೊಸದಾಗಿ ಕಟ್ಟಿದ್ದಾರೆ. ನೆರೆ ಬಂದಾಗ ಅವುಗಳ ನಡೆಹಾದಿ ಬಿಟ್ಟುಕೊಂಡು ನೀರಿನ ಜೊತೆಗೇ ತಿರುಗಿ ನಿಲ್ಲುತ್ತದೆ. ಎದುರು ನಿಂತು ಮುರಿಯುವುದಕ್ಕಿಂತ ಇದು ವಾಸಿ, ಅಲ್ವಾ?

ಕಳೆದ ವರ್ಷ ನೆಲಮಾಳಿಗೆಗೆ ಬಿಳಿ ಬಣ್ಣ ಹೊಡೆದರು. ನನ್ನ ಎದೆಮಟ್ಟಕ್ಕೆ ಇದ್ದ ಕಂದು ಗೆರೆ ಮಾಯ. ಹೊಸದಾಗಿ ಬಂದವರು ಸೋಫಾ, ಪುಸ್ತಕದ ಪೆಟ್ಟಿಗೆ ಎಲ್ಲ ತಂದು ಜೋಡಿಸುತ್ತಿದ್ದಾರೆ. ನಾನು ಮೊನ್ನೆ ನಮ್ಮ ಗೂಡಿನ ಪಕ್ಕದ ಕಂಬದ ಹಿಂದೆ, ಅಂದಾಜಿನ ಮೇಲೆ, ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದೆ. ಪಕ್ಕದಲ್ಲಿ ತಾರೀಕು ಬರೆದೆ, ಕನ್ನಡ ಅಂಕಿಯಲ್ಲಿ: ೨೮-೨-೨೦೨೨.