ಪರೆಯಕಳಿಯ ಬೆತ್ತ ಮತ್ತು ಇಂದಿನ ಕಾಳಗ

ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯ ದಿನಗಳಲ್ಲಿ ಮಂದ್‌ನಲ್ಲಿ, ಅಂದರೆ ಊರ ಬಯಲಿನಲ್ಲಿ, ನಡೆಯುವ ಪರೆಯಕಳಿ ಎಂಬ ಬೆತ್ತದ ಕಾಳಗವನ್ನು ಕಂಡಾಗಲೆಲ್ಲ, ಸಾಂಪ್ರದಾಯಿಕ ಸಮರಕಲೆಗಳು ಇಂದಿನ ಕಾಳಗಕ್ಕೆ ಒದಗುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ. ಇಬ್ಬರು ಬೆತ್ತ ಹಿಡಿದು ಎದುರುಬದುರಾಗಿ ನಿಲ್ಲುತ್ತಾರೆ. ಮೊಣಕಾಲಿನ ಕೆಳಗೆ ಮಾತ್ರ ಹೊಡೆಯಬೇಕೆಂಬುದು ನಿಯಮ. ಆದರೆ ಆ ಮಿತಿಯೊಳಗೆ ಬೀಳುವ ಏಟು ಬಾಸುಂಡೆ ಏಳಿಸುವಂಥದ್ದು. ಎದುರಿನವನು ಯಾವಾಗ ಬೀಸುತ್ತಾನೆಂಬುದು ಮೊದಲೇ ಗೊತ್ತಿರುವುದಿಲ್ಲವಾದ್ದರಿಂದ, ಆಡುವವನು ಅಂತರವನ್ನು ಅಳೆಯುವುದನ್ನೂ, ಸಮಯಕ್ಕೆ ಸರಿಯಾಗಿ ಹೆಜ್ಜೆ ಹಿಂದೆಗೆಯುವುದನ್ನೂ, ನೋವಿನ ನಡುವೆ ಮನಸ್ಸನ್ನು ಸ್ತಿಮಿತದಲ್ಲಿಡುವುದನ್ನೂ ಕಲಿಯಲೇಬೇಕಾಗುತ್ತದೆ.

ಕೊಡವರ ಮದುವೆಯಲ್ಲಿ ಒಡಿಕತ್ತಿ ಎಂಬ ಅಗಲ ಅಲಗಿನ ಕತ್ತಿಯಿಂದ ಬಾಳೆ ಕಡಿಯುವ ಸಂಪ್ರದಾಯವೂ ನನಗೆ ಅಷ್ಟೇ ಪ್ರಿಯವಾದದ್ದು. ಆದರೆ ಬಾಳೆಯ ದಿಂಡು ತಿರುಗಿ ಹೊಡೆಯುವುದಿಲ್ಲ. ಪರಂಪರೆಗೆ ಸಲ್ಲಿಸುವ ಗೌರವವನ್ನೂ ಕಾಳಗದ ಅಭ್ಯಾಸವನ್ನೂ ಒಂದೇ ಎಂದು ಭಾವಿಸಬಾರದು.

ಈ ವ್ಯತ್ಯಾಸವನ್ನು ಜೂಡೋದ ಸ್ಥಾಪಕ, ಜಪಾನಿನ ಜಿಗೊರೊ ಕಾನೊ ಚೆನ್ನಾಗಿ ಅರಿತಿದ್ದರು. 1882ರಲ್ಲಿ ಕೊಡೋಕಾನ್ ಎಂಬ ಜೂಡೋ ಶಾಲೆಯನ್ನು ಸ್ಥಾಪಿಸಿದ ಅವರು, ಜುಜುತ್ಸು ಎಂಬ ಹಳೆಯ ಕಾಳಗಕಲೆಯ ಅಪಾಯಕಾರಿ ಪಟ್ಟುಗಳನ್ನು ರಾಂದೋರಿ ಎಂಬ ಮುಕ್ತ ಸೆಣಸಾಟದಿಂದ ಹೊರಗಿಟ್ಟು, ಉಳಿದವುಗಳನ್ನು ಬಲವಾಗಿ ಪ್ರತಿರೋಧಿಸುವ ಎದುರಾಳಿಯ ಮೇಲೆಯೇ ಪ್ರಯೋಗಿಸಿ ಕಲಿಯುವಂತೆ ಮಾಡಿದರು. ಆ ಜೂಡೋದಿಂದ ಬೆಳೆದ ಬ್ರೆಜಿಲಿಯನ್ ಜುಜುತ್ಸುವಿನ ಬಲದಿಂದ ರಾಯ್ಸ್ ಗ್ರೇಸಿ 1993ರಲ್ಲಿ, ಬೇರೆ ಬೇರೆ ಕಲೆಗಳವರು ಸೆಣಸುವ ಯುಎಫ್‌ಸಿಯ ಮೊದಲ ಸ್ಪರ್ಧೆಯನ್ನು ಗೆದ್ದರು. 2017ರಲ್ಲಿ ಚೀನಾದ ಮಿಶ್ರ ಸಮರಕಲೆಯ ಪಟು ಷು ಶಿಯಾವೊಡಾಂಗ್, ಸಾಂಪ್ರದಾಯಿಕ ಕಲೆಯಾದ ತೈ ಚಿಯ ಗುರುವೊಬ್ಬರನ್ನು ಕೆಲವೇ ಸೆಕೆಂಡುಗಳಲ್ಲಿ ಕೆಡವಿದಾಗ, ಹಳೆಯ ಕಲೆಗಳೆಲ್ಲ ವ್ಯರ್ಥವೆಂಬ ಮಾತು ಎಲ್ಲೆಡೆ ಕೇಳಿಬಂತು. ಅದನ್ನು ನಾನು ಒಪ್ಪುವುದಿಲ್ಲ. ಶೊಟೊಕಾನ್ ಕರಾಟೆಯಲ್ಲಿ ಪಳಗಿದ ಲಿಯೊಟೊ ಮಚಿಡಾ 2009ರಲ್ಲಿ ಯುಎಫ್‌ಸಿಯ ಲೈಟ್ ಹೆವಿವೇಟ್ ಪಟ್ಟವನ್ನು ಗೆದ್ದಿದ್ದರು. ಕಲೆಯ ವಯಸ್ಸಿಗಿಂತ, ಅದನ್ನು ಕಲಿಯುವಾಗ ಎದುರಿಗೆ ನಿಂತವನು ಸೋಲಲು ಒಪ್ಪಿಕೊಂಡು ಬಂದವನೋ ಗೆಲ್ಲಲು ಬಂದವನೋ ಎಂಬುದೇ ನಿರ್ಣಾಯಕ.

ಗುದ್ದು, ಒದೆ, ಪಟ್ಟು ಎಲ್ಲವೂ ಸೇರಿದ ಇಂದಿನ ಮಿಶ್ರ ಸಮರಕಲೆಯಲ್ಲಿ ಮೀನಖಂಡಕ್ಕೆ ಒದೆಯುವುದು ಸಾಮಾನ್ಯ ತಂತ್ರವಾಗಿದೆ. ಪರೆಯಕಳಿ ಆಡುವವನ ಕಾಲು ಅದೇ ಭಾಗವನ್ನು ಕಾಪಾಡಿಕೊಳ್ಳಲು ಪಳಗಿರುತ್ತದೆ ಎಂಬುದು ನನಗೆ ಹೆಮ್ಮೆಯ ಸಂಗತಿ. ಆದರೆ ಮುಖಕ್ಕೆ ಬರುವ ಗುದ್ದನ್ನು ತಪ್ಪಿಸಿಕೊಳ್ಳುವುದನ್ನಾಗಲಿ, ನೆಲಕ್ಕೆ ಕೆಡವಿದವನ ಹಿಡಿತದಿಂದ ಬಿಡಿಸಿಕೊಳ್ಳುವುದನ್ನಾಗಲಿ ಅದು ಕಲಿಸದು. ಮಡಿಕೇರಿ, ವಿರಾಜಪೇಟೆಯ ಯುವಕರು ಅದಕ್ಕಾಗಿ ಬಾಕ್ಸಿಂಗನ್ನೋ ಜೂಡೋವನ್ನೋ ಕಲಿಯಲಿ. ಹಾಗೆ ಕಲಿಯುವವರು ಹುತ್ತರಿಗೆ ಮಂದ್‌ಗೆ ಬಂದು ಬೆತ್ತವನ್ನೂ ಹಿಡಿಯಲಿ ಎಂಬುದು ನನ್ನ ಮನಃಪೂರ್ವಕ ಆಸೆ.