ಇಲ್ಲ ಎನ್ನುವವರ ಸಭೆ

ನಿವೃತ್ತಿಯಾದ ಮೇಲೆ ನಾನು ಯಾವುದೋ ರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷೆಯಾಗಿದ್ದೇನೆಂದು ಗೊತ್ತಾದಾಗ ಧಾರವಾಡದ ನಮ್ಮ ಚಿಕ್ಕಪ್ಪ ಮೊದಲು ಕೇಳಿದ್ದು, "ಕಾರು ಕೊಟ್ಟಿದ್ದಾರೇನು?" ಎಂದು. ಕಾರು ಇಲ್ಲ. ಪುಣೆಯ ಎರಂಡವಣೆಯಲ್ಲಿ ಬಾಡಿಗೆಯ ಒಂದು ಕೋಣೆ, ವಾರಕ್ಕೆ ಎರಡು ಸಲ ಬರುವ ಲೆಕ್ಕಿಗ, ತನಗೆ ಮನಸ್ಸಾದಾಗ ಮಾತ್ರ ಓಡುವ ಪ್ರಿಂಟರ್. ಬೇರೆ ಬೇರೆ ರಾಜ್ಯಗಳಲ್ಲಿ ಬಡ ಕುಟುಂಬಗಳು ತಾವೇ ವಂತಿಗೆ ಕೂಡಿಸಿ, ಆಸ್ಪತ್ರೆಯ ಖರ್ಚನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುವ ಆರೋಗ್ಯ ನಿಧಿಗಳಿವೆ. ಲಾಭದ ಉದ್ದೇಶವಿಲ್ಲದ ಅಂಥ ನಿಧಿಗಳು ಸೇರಿ ಕಟ್ಟಿಕೊಂಡ ಒಕ್ಕೂಟ ನಮ್ಮದು. ಅಮೆರಿಕದಲ್ಲಿಯೂ ಲಾಭರಹಿತ ಆರೋಗ್ಯ ಯೋಜನೆಗಳಿಗೆ ಒಂದು ರಾಷ್ಟ್ರೀಯ ಸಂಘವಿದೆ, ಅದರ ಕಚೇರಿ ವಾಷಿಂಗ್ಟನ್ನಿನಲ್ಲಿದೆ. ಅಲ್ಲಿನ ಸದಸ್ಯ ಯೋಜನೆಗಳಿಗೆ ಮೆಡಿಕೇಡ್ ಎಂಬ ಬಡವರ ಆರೋಗ್ಯ ಯೋಜನೆಯ ಮೂಲಕ ಸರಕಾರದ ಹಣ ತಿಂಗಳು ತಿಂಗಳು ಬರುತ್ತದೆ. ನಮಗೆ ಬರುವುದು ಸೆರಗಿನ ಗಂಟು ಬಿಚ್ಚಿ ಎಣಿಸಿದ ಹತ್ತು, ಇಪ್ಪತ್ತರ ನೋಟುಗಳು. ಹೆಸರಿನಲ್ಲಿ ಮಾತ್ರ ಇಬ್ಬರೂ ರಾಷ್ಟ್ರೀಯರು.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ವಿಮಾ ಕಂಪನಿಯೊಂದರ ಪುಣೆ ಕಚೇರಿಯಲ್ಲಿ ದುಡಿದವಳು. ಅದರಲ್ಲಿ ಬಹುಕಾಲ ಕಳೆದದ್ದು ಕ್ಲೇಮ್ ವಿಭಾಗದಲ್ಲಿ. ಕ್ಲೇಮ್ ತಿರಸ್ಕರಿಸುವ ಪತ್ರವನ್ನು ಎರಡು ಸಾಲಿನಲ್ಲಿ ಬರೆದು ಮುಗಿಸುವ ಕಲೆ ನನ್ನ ಕೈಗೆ ಚೆನ್ನಾಗಿ ಹತ್ತಿತ್ತು. ಪತ್ರ ಅಂಚೆಗೆ ಬಿದ್ದ ಮೇಲೆ ಅದನ್ನು ಓದುವವರ ಮುಖ ನಾನು ನೋಡಬೇಕಾಗಿರಲಿಲ್ಲ. ಒಕ್ಕೂಟದವರು ನನ್ನನ್ನು ಹುಡುಕಿಕೊಂಡು ಬಂದದ್ದು ಈ ಅನುಭವಕ್ಕಾಗಿಯೇ. ಎದುರು ಪಕ್ಷದ ಭಾಷೆ ಬಲ್ಲವರು ಒಬ್ಬರಾದರೂ ಇರಲಿ ಎಂದು.

ಎದುರು ಪಕ್ಷ ಎಂದೆನಲ್ಲ, ಅದಕ್ಕೆ ಕಾರಣವಿದೆ. ವಿಮಾ ಕಾಯಿದೆ 1938ರದು. ಅದರ ಪ್ರಕಾರ ಈಗ ವಿಮಾ ಕಂಪನಿ ತೆರೆಯಬೇಕಾದರೆ ಕನಿಷ್ಠ 100 ಕೋಟಿ ರೂಪಾಯಿಯ ಬಂಡವಾಳ ಬೇಕು. ಹತ್ತು ಸಾವಿರ ಮನೆಗಳಿಂದ ವರ್ಷಕ್ಕೆ ನಾಲ್ಕು ನೂರರಂತೆ ವಂತಿಗೆ ಎತ್ತುವ ನಿಧಿಯ ಒಟ್ಟು ಹಣ 40 ಲಕ್ಷ. ಹೀಗಾಗಿ ಕಾನೂನಿನ ಕಣ್ಣಿಗೆ ನಾವು ವಿಮೆಯವರಲ್ಲ. ಸೊಸೈಟಿ, ಟ್ರಸ್ಟ್, ಪರಸ್ಪರ ನೆರವಿನ ಗುಂಪು ಎಂದು ಏನೇನೋ ಆಗಿ ಬದುಕುತ್ತೇವೆ. ಬೇಡವಾದರೆ ದೊಡ್ಡ ಕಂಪನಿಯ ಗುಂಪು ಪಾಲಿಸಿ ಕೊಂಡು ನಮ್ಮ ಜನರನ್ನು ಅದರೊಳಗೆ ಸೇರಿಸಬಹುದು. ಆದರೆ ಅದಕ್ಕೆ ಶೇ. 18 ಜಿಎಸ್‌ಟಿ. ನಾಲ್ಕು ನೂರಕ್ಕೆ ಎಪ್ಪತ್ತೆರಡು ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗೆ ತೆರಿಗೆ ಇಲ್ಲವಾಯಿತು, ಗುಂಪು ಪಾಲಿಸಿಗೆ ಹಾಗೆಯೇ ಉಳಿಯಿತು. ತನಗಾಗಿ ಒಬ್ಬನೇ ಪಾಲಿಸಿ ಕೊಳ್ಳಬಲ್ಲವನಿಗೆ ಮಾಫಿ, ಹತ್ತು ಜನ ಸೇರಿದರೆ ಮಾತ್ರ ಕೊಳ್ಳಲು ಸಾಧ್ಯವಾಗುವವರಿಗೆ ತೆರಿಗೆ. ಈ ಬಗ್ಗೆ ನಾನು ಬರೆದ ಮನವಿಗಳನ್ನೆಲ್ಲ ಜೋಡಿಸಿದರೆ ದಪ್ಪನೆಯ ಫೈಲು ಆಗುತ್ತದೆ. ಇರಲಿ, ಅದು ಬೇರೆ ಕತೆ.

ಈಗ ಹೇಳಹೊರಟಿರುವುದು ಕಳೆದ ಚಳಿಗಾಲದಲ್ಲಿ ನಡೆದ ನಮ್ಮ ವಾರ್ಷಿಕ ಸಭೆಯ ದಿನದ ವಿಷಯ.

ಸಭೆ ಇದ್ದದ್ದು ಮಧ್ಯಾಹ್ನ. ಹೊರ ರಾಜ್ಯಗಳಿಂದ ಬಂದ ಪ್ರತಿನಿಧಿಗಳನ್ನು ಬೆಳಿಗ್ಗೆ ಸುಮ್ಮನೆ ಹೋಟೆಲಿನಲ್ಲಿ ಕೂಡಿಸುವುದೇಕೆ ಎಂದು ಯೆರವಡೆಯ ಒಂದು ವಸ್ತಿಗೆ ಕರೆದುಕೊಂಡು ಹೋದೆ. ಅಲ್ಲಿ ನಮ್ಮ ಸದಸ್ಯ ಸಂಸ್ಥೆಯೊಂದರ ಕ್ಲೇಮ್ ಕಮಿಟಿ ಆ ದಿನ ಕೂಡುವುದಿತ್ತು. ಸಮಾಜ ಮಂದಿರದಲ್ಲಿ ಜಮಖಾನ ಹಾಸಿ ಏಳು ಜನ ಹೆಂಗಸರು ಕುಳಿತಿದ್ದರು. ಮನೆಗೆಲಸದವರು, ತರಕಾರಿ ಮಾರುವವರು, ಒಬ್ಬರು ಅಂಗನವಾಡಿ ಸಹಾಯಕಿ. ಎಲ್ಲರೂ ನಿಧಿಗೆ ವಂತಿಗೆ ಕಟ್ಟುವವರೇ. ಕಮಿಟಿಯಲ್ಲಿ ಇಬ್ಬರು ಅಫಜಲಪುರ ತಾಲ್ಲೂಕಿನವರು. ಕಟ್ಟಡದ ಕೆಲಸಕ್ಕೆಂದು ಗಂಡಂದಿರ ಜೊತೆ ಬಂದು ಪುಣೆಯಲ್ಲೇ ಬೇರುಬಿಟ್ಟವರು. ಮರಾಠಿಯನ್ನು ಮರಾಠಿಗರಿಗಿಂತ ಜೋರಾಗಿ ಆಡುತ್ತಾರೆ, ಸಿಟ್ಟು ಬಂದಾಗ ಮಾತ್ರ ಕನ್ನಡ.

ಜ್ವರ, ಕಾಮಾಲೆ, ಬೈಕಿನಿಂದ ಬಿದ್ದು ಮುರಿದ ಕೈ ಇವೆಲ್ಲ ಸರಸರನೆ ಮುಗಿದವು. ಡಿಸ್ಚಾರ್ಜ್ ಕಾರ್ಡ್, ಬಿಲ್ಲು, ಔಷಧದ ಚೀಟಿ ಸರಿ ಇವೆಯೇ ಎಂದು ಸಂಸ್ಥೆಯ ಕಾರ್ಯಕರ್ತೆ ಓದಿ ಹೇಳಿದರೆ, ಉಳಿದವರು ತಲೆಯಾಡಿಸುವುದು. ಡೆಂಗ್ಯೂ ಬಂದಿದ್ದ ಹುಡುಗನ ಬಿಲ್ಲಿನಲ್ಲಿ ಸಲೈನ್ ಬಾಟಲಿಗಳ ಲೆಕ್ಕ ಜಾಸ್ತಿಯಾಯಿತೆಂದು ಒಬ್ಬಾಕೆ ತಕರಾರು ತೆಗೆದಳು. ಆ ಮೂರು ದಿನವೂ ಸಂಜೆ ಅವಳು ಹುಡುಗನನ್ನು ನೋಡಲು ಹೋಗಿದ್ದಳಂತೆ, ಕಂಬಕ್ಕೆ ತೂಗುಹಾಕಿದ್ದ ಬಾಟಲಿ ಬದಲಾದದ್ದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮ ಕಂಪನಿ ಇಂಥ ತನಿಖೆಗೆ ಏಜೆನ್ಸಿಗಳನ್ನು ನೇಮಿಸಿ ಹಣ ಸುರಿಯುತ್ತಿತ್ತು.

ಆಮೇಲೆ ಬಂದದ್ದು ಗರ್ಭಚೀಲದ ಕ್ಲೇಮ್.

ಹೆಂಗಸಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ. ಆಳಂದದ ಕಡೆಯವಳು. ಬಿಳಿ ಹೋಗುತ್ತದೆ, ಸೊಂಟ ನೋವು ಎಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದಾಳೆ. ಒಂದು ಸೋನೋಗ್ರಫಿ ಮಾಡಿ, "ಹೀಗೆಯೇ ಬಿಟ್ಟರೆ ಕ್ಯಾನ್ಸರ್ ಆಗಬಹುದು" ಎಂದಿದ್ದಾರೆ. ಮರುದಿನವೇ ಆಪರೇಷನ್. ಬಿಲ್ಲು 38 ಸಾವಿರ. ನಿಧಿಯ ನಿಯಮ ಸ್ಪಷ್ಟವಾಗಿದೆ: ತುರ್ತಲ್ಲದ ಆಪರೇಷನ್‌ಗೆ ಮೊದಲು ಸಹಾಯವಾಣಿಗೆ ಫೋನ್ ಮಾಡಬೇಕು, ನಿಧಿ ಗೊತ್ತುಮಾಡಿದ ಇನ್ನೊಬ್ಬ ಡಾಕ್ಟರರ ಅಭಿಪ್ರಾಯ ಪಡೆಯಬೇಕು. ಈ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರ ಗರ್ಭಚೀಲಗಳನ್ನು ತೆಗೆಸಿಹಾಕಿದ ಸಂಗತಿ 2019ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂದು, ಸರಕಾರ ವಿಚಾರಣಾ ಸಮಿತಿಯನ್ನೇ ನೇಮಿಸಬೇಕಾಯಿತು. ಬಡವರ ಆರೋಗ್ಯ ನಿಧಿ ನಡೆಸುವವರಿಗೆ ಇದು ಅದಕ್ಕೂ ಮೊದಲೇ ಗೊತ್ತಿತ್ತು. ಹೆಂಗಸರ ಕ್ಲೇಮುಗಳ ಪಟ್ಟಿ ತೆಗೆದರೆ ಗರ್ಭಚೀಲದ ಆಪರೇಷನ್ ಮೇಲಿನ ಸಾಲುಗಳಲ್ಲೇ ಕಾಣುತ್ತದೆ. ವಿಮೆ ಇದೆ ಎಂದು ಗೊತ್ತಾದೊಡನೆ ಕತ್ತರಿಗೆ ಕೈಹಾಕುವ ಆಸ್ಪತ್ರೆಗಳಿವೆ.

"ಫೋನ್ ಯಾಕೆ ಮಾಡಲಿಲ್ಲ, ತಂಗಿ?" ಎಂದು ಅಫಜಲಪುರದ ಹಿರಿಯಾಕೆ ಕನ್ನಡದಲ್ಲೇ ಕೇಳಿದರು.

"ಹೆದರಿದ್ದೆ ಅಕ್ಕ. ಕ್ಯಾನ್ಸರ್ ಎಂದರೆ ಯಾರಿಗೆ ನೆನಪಿರುತ್ತದೆ ಫೋನು?"

"ನಿನ್ನ ಗಂಡನಿಗೂ ನೆನಪಾಗಲಿಲ್ಲವೇ? ವಂತಿಗೆ ಕಟ್ಟುವಾಗ ನಿಯಮ ಓದಿ ಹೇಳಿದ್ದೆನಲ್ಲ, ಅವನು ಅಲ್ಲೇ ನಿಂತಿದ್ದ."

ಮಾತು ಬಹಳ ಹೊತ್ತು ನಡೆಯಿತು. ಇಬ್ಬರು, ನಿಯಮ ಮುರಿದವಳಿಗೆ ಒಂದು ಪೈಸೆಯೂ ಬೇಡ ಎಂದರು. ಈ ಸಲ ಕೊಟ್ಟರೆ ಇಡೀ ಗಲ್ಲಿ ಆ ಆಸ್ಪತ್ರೆಯ ಮುಂದೆ ಸಾಲು ನಿಲ್ಲುತ್ತದೆ ಎಂಬುದು ಅವರ ವಾದ. ಅಂಗನವಾಡಿಯಾಕೆ ಬೇರೆ ದಿಕ್ಕಿನಿಂದ ಬಂದಳು: "ಹೆದರಿಸಿದವನು ಡಾಕ್ಟರ್. ದಂಡ ಇವಳಿಗೇಕೆ?" ತರಕಾರಿ ಮಾರುವಾಕೆ ಲೆಕ್ಕ ಹಾಕಿದಳು: 38 ಸಾವಿರ ಎಂದರೆ ತೊಂಬತ್ತಕ್ಕೂ ಹೆಚ್ಚು ಮನೆಗಳ ವರ್ಷದ ವಂತಿಗೆ. ಕೊನೆಗೆ ಆಪರೇಷನ್ನಿನ ಹಣ ಇಲ್ಲ, ಔಷಧ ಮತ್ತು ಪರೀಕ್ಷೆಗಳ ಖರ್ಚಿನಲ್ಲಿ ಅರ್ಧ ಕೊಡುವುದು, ಆ ಆಸ್ಪತ್ರೆಯ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುವುದು, ಏಕೆ ಎಂದು ವಸ್ತಿಯ ಪ್ರತಿ ಗುಂಪಿನಲ್ಲೂ ಹೇಳುವುದು ಎಂದು ತೀರ್ಮಾನವಾಯಿತು.

ಅದನ್ನು ಅವಳ ಮುಖಕ್ಕೇ ಹೇಳಿದರು. ಅವಳು ಒಪ್ಪಲಿಲ್ಲ, ಅಳಲೂ ಇಲ್ಲ. ಕಾಗದಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿಕೊಂಡು, "ಮುಂದಿನ ವರ್ಷ ನಾನು ಕಟ್ಟುವುದಿಲ್ಲ" ಎಂದು ಚಪ್ಪಲಿ ಮೆಟ್ಟಿ ಹೊರಟಳು. ಹಿರಿಯಾಕೆ ನನ್ನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ನಲ್ಲಿಯ ಹತ್ತಿರ ಮತ್ತೆ ಜಗಳವಾಡುತ್ತಾಳೆ ಅಕ್ಕ, ಆಡಲಿ" ಎಂದರು. ನನ್ನ ನೌಕರಿಯ ಅಷ್ಟೂ ವರ್ಷಗಳಲ್ಲಿ ನಾನು ತಿರಸ್ಕರಿಸಿದ ಯಾವ ಕ್ಲೇಮಿನವರೂ ಮರುದಿನ ಬೆಳಿಗ್ಗೆ ನನ್ನ ನಲ್ಲಿಯ ಹತ್ತಿರ ಬಂದಿರಲಿಲ್ಲ.

ಮಧ್ಯಾಹ್ನದ ಸಭೆಗೆ ಇಟ್ಟಿದ್ದ ಮುಖ್ಯ ವಿಷಯ ಒಂದೇ, ಎಲ್ಲ ಸಂಸ್ಥೆಗಳಿಗೂ ಸೇರಿದ ಮೀಸಲು ನಿಧಿ. ಮೂರು ಸಾವಿರ ಸದಸ್ಯರಿರುವ ಪುಟ್ಟ ನಿಧಿಗೆ ಒಂದು ಕೆಟ್ಟ ಮಳೆಗಾಲ ಸಾಕು. ಡೆಂಗ್ಯೂ ಹಬ್ಬಿತೆಂದರೆ ಅಕ್ಟೋಬರ್ ಹೊತ್ತಿಗೆ ಪೆಟ್ಟಿಗೆ ಬರಿದಾಗುತ್ತದೆ. ವಿಮಾ ಕಂಪನಿಗಳು ಇಂಥ ಗಂಡಾಂತರಕ್ಕೆಂದು ಇನ್ನೊಂದು ಕಂಪನಿಯಲ್ಲಿ ತಮಗೇ ವಿಮೆ, ಅಂದರೆ ಮರುವಿಮೆ, ಮಾಡಿಸುತ್ತವೆ. ವಿಮೆಯವರೇ ಅಲ್ಲದ ನಮಗೆ ಮರುವಿಮೆ ಕೊಡುವವರು ಯಾರು? ಆದ್ದರಿಂದ ಪ್ರತಿಯೊಂದು ಸದಸ್ಯ ಸಂಸ್ಥೆಯೂ ತನ್ನ ವಂತಿಗೆಯ ಶೇ. 5ನ್ನು ಒಕ್ಕೂಟದಲ್ಲಿಡಲಿ, ಮುಳುಗುವವರಿಗೆ ಅದರಿಂದ ಕೈ ಕೊಡೋಣ ಎಂಬುದು ನಾನು ತಯಾರಿಸಿದ ಪ್ರಸ್ತಾವ.

ನಮ್ಮ ಅತಿ ದೊಡ್ಡ ಸದಸ್ಯ ಸಂಸ್ಥೆಯ ಮುಖ್ಯಸ್ಥರು ಮೊದಲು ಎದ್ದರು. ಸಜ್ಜನರು, ಲೆಕ್ಕದಲ್ಲಿ ಚತುರರು. ಅವರ ಮಾತು ನೇರವಾಗಿತ್ತು: "ಮೇಡಂ, ನಮ್ಮ ಜನ ಕಟ್ಟಿದ ಹಣದಿಂದ ಇನ್ನೊಬ್ಬರ ಸಡಿಲ ಕ್ಲೇಮುಗಳನ್ನು ತೀರಿಸುವುದೇಕೆ? ಬೆಳಿಗ್ಗೆ ನೋಡಿದೆವಲ್ಲ, ನಿಯಮ ಮುರಿದವಳಿಗೂ ಅರ್ಧ ಕೊಟ್ಟರು." ಅವರಿಗೆ ಕಂಪನಿಯೊಂದು ಕರೆಯನ್ನೂ ಕೊಟ್ಟಿತ್ತು. ಪಾಲಿಸಿ ಕಂಪನಿಯದು, ಸದಸ್ಯರನ್ನು ಸೇರಿಸುವ ಕೆಲಸ ಮತ್ತು ಕಮಿಷನ್ ಇವರದು. ನಷ್ಟದ ಚಿಂತೆ ಕಂಪನಿಗೆ. ನಾನು ಆ ಕುರ್ಚಿಯಲ್ಲಿದ್ದಾಗ ಇಂಥ ಒಪ್ಪಂದಗಳನ್ನು ನಾನೇ ಬರೆಯಿಸುತ್ತಿದ್ದೆ. ಕೆಟ್ಟ ಒಪ್ಪಂದವೆಂದು ಹೇಳಲಾರೆ. ಆದರೆ ಅದರಲ್ಲಿ ಜಮಖಾನದ ಮೇಲೆ ಕೂಡುವ ಆ ಏಳು ಜನರಿಗೆ ಕೆಲಸವಿರುವುದಿಲ್ಲ.

ಚಿಕ್ಕ ನಿಧಿಗಳವರು ಸಿಟ್ಟಾದರು. "ನೀವೂ ಒಂದು ಕಾಲಕ್ಕೆ ಚಿಕ್ಕವರೇ ಆಗಿದ್ದಿರಿ" ಎಂಬ ಮಾತು ಬಂತು. ಒಕ್ಕೂಟಗಳ ಸಭೆಯಲ್ಲಿ ಈ ಮಾತು ಬಂದರೆ ಚಹಾಕ್ಕೆ ವಿರಾಮ ಕೊಡುವುದು ಲೇಸು. ಕೊಟ್ಟೆ.

ಚಹಾದ ಹೊತ್ತಿನಲ್ಲಿ ಯುವ ಪ್ರತಿನಿಧಿಯೊಬ್ಬ ಕೇಳಿದ, ಆಯುಷ್ಮಾನ್ ಭಾರತ್ ಬಂದು ಇಷ್ಟು ವರ್ಷವಾಯಿತು, ಕುಟುಂಬಕ್ಕೆ 5 ಲಕ್ಷ ಕೊಡುತ್ತಾರೆ, ನಾವೇಕೆ ಇನ್ನೂ ನಾಲ್ಕು ನೂರರ ವಂತಿಗೆಗೆ ಹೊಡೆದಾಡುತ್ತಿದ್ದೇವೆ ಎಂದು. ಒಳ್ಳೆಯ ಪ್ರಶ್ನೆ. 2018ರಲ್ಲಿ ಆರಂಭವಾದ ಆ ಯೋಜನೆಯಿಂದ ದೊಡ್ಡ ಆಪರೇಷನ್‌ಗಳಿಗೆ ಜನರಿಗೆ ಉಪಕಾರವಾಗಿದೆ, ನಮ್ಮ ಕಾರ್ಯಕರ್ತೆಯರೇ ಮುಂದೆ ನಿಂತು ಕಾರ್ಡ್ ಮಾಡಿಸುತ್ತಾರೆ. ಆದರೆ ಅದು ಆಸ್ಪತ್ರೆಗೆ ದಾಖಲಾದವರಿಗೆ ಇರುವುದು. ಹೊರರೋಗಿಯ ಫೀಸು, ಬಿ.ಪಿ. ಮಾತ್ರೆ, ಕಳೆದುಕೊಂಡ ಕೂಲಿ ಅದರಲ್ಲಿ ಬರುವುದಿಲ್ಲ. ಆಪರೇಷನ್ ಬೇಕೇ ಬೇಡವೇ ಎಂದು ಹಿಂದಿನ ರಾತ್ರಿ ಫೋನ್ ಮಾಡಿ ಕೇಳಲು ಗುರುತಿನವರೂ ಸಿಗುವುದಿಲ್ಲ. ಅವನಿಗೆ ನಮ್ಮ ಕರ್ನಾಟಕದ ಯಶಸ್ವಿನಿಯ ಕತೆಯನ್ನೂ ಹೇಳಿದೆ. 2003ರಲ್ಲಿ ಸಹಕಾರಿ ಸಂಘಗಳ ರೈತರು ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿ ಸೇರಿದ ಯೋಜನೆ ಅದು. 2018ರಲ್ಲಿ ಸರಕಾರದ ಆರೋಗ್ಯ ಯೋಜನೆಯಲ್ಲಿ ವಿಲೀನವಾಯಿತು, 2022ರಲ್ಲಿ ಮತ್ತೆ ಜೀವ ಪಡೆಯಿತು. ಮುಚ್ಚುವುದೂ ತೆರೆಯುವುದೂ ಸರಕಾರದ ಕೈಯಲ್ಲೇ ಇತ್ತು. ತಮಿಳುನಾಡಿನ ಗೂಡಲೂರಿನ ಆದಿವಾಸಿಗಳು, ಅಹಮದಾಬಾದಿನ 'ಸೇವಾ' (SEWA) ಎಂಬ ದುಡಿಯುವ ಹೆಂಗಸರ ಸಂಘಟನೆಯವರು 1992ರಲ್ಲೇ ವಿಮೆ ಆರಂಭಿಸಿದವರು. ಸೇವಾಗ್ರಾಮದ ಆಸ್ಪತ್ರೆಯಂತೂ ಸುತ್ತಲ ಹಳ್ಳಿಗಳಿಂದ ಜೋಳವನ್ನೇ ವಂತಿಗೆಯಾಗಿ ಪಡೆಯುತ್ತಿತ್ತು. ಹುಡುಗ ಚಹಾ ಕುಡಿಯುವುದನ್ನೇ ಮರೆತು ಕೇಳಿದ. ಅಥವಾ ಅಧ್ಯಕ್ಷೆಯ ಮಾತನ್ನು ನಡುವೆ ಬಿಟ್ಟು ಹೋಗಲು ಧೈರ್ಯ ಸಾಲಲಿಲ್ಲವೋ ಏನೋ.

ಸಭೆ ಮತ್ತೆ ಕೂಡಿದಾಗ ನಾನು ನನ್ನ ಪ್ರಸ್ತಾವವನ್ನೇ ತಿದ್ದಿದೆ. ಮೂಲದಲ್ಲಿ ಮೀಸಲು ನಿಧಿಯಿಂದ ಹಣ ಬಿಡುಗಡೆ ಮಾಡುವ ಅಧಿಕಾರ ಒಬ್ಬ ಆಕ್ಚುವರಿ (ವಿಮೆಯ ನಷ್ಟಸಂಭವದ ಲೆಕ್ಕ ಹಾಕುವ ತಜ್ಞ), ಒಬ್ಬ ಡಾಕ್ಟರ್ ಮತ್ತು ಅಧ್ಯಕ್ಷರಿಗಿತ್ತು. ಅದರ ಬದಲು ಬೇರೆ ಬೇರೆ ನಿಧಿಗಳ ಕ್ಲೇಮ್ ಕಮಿಟಿಗಳಿಂದ ಐವರು ಹೆಂಗಸರು ಕೂಡಲಿ, ಹಣ ಕೇಳುವ ನಿಧಿಯವರು ತಮ್ಮ ಫೈಲುಗಳನ್ನು ಹೊತ್ತು ಅವರ ಎದುರು ಬಂದು ಕುಳಿತುಕೊಳ್ಳಲಿ, ಆಕ್ಚುವರಿಯೂ ಡಾಕ್ಟರೂ ಪಕ್ಕದಲ್ಲಿ ಕುಳಿತು ಸಲಹೆ ಕೊಡಲಿ ಎಂದೆ. ಸಡಿಲ ಕ್ಲೇಮುಗಳ ಭಯವಿದ್ದವರಿಗೆ ಬೆಳಿಗ್ಗೆಯ ಉದಾಹರಣೆಯನ್ನೇ ನೆನಪಿಸಿದೆ. 38 ಸಾವಿರದ ಬಿಲ್ಲಿನಲ್ಲಿ ಆ ಕಮಿಟಿ ಕೊಟ್ಟದ್ದು ನಾಲ್ಕು ಸಾವಿರಕ್ಕೂ ಕಡಿಮೆ, ಆಸ್ಪತ್ರೆಯೊಂದನ್ನು ಪಟ್ಟಿಯಿಂದ ಕಿತ್ತು ಹಾಕಿದ್ದು ಬೇರೆ. ನನ್ನ ಹಳೆಯ ಕಂಪನಿಯಾಗಿದ್ದರೆ ಇಡೀ ಕ್ಲೇಮನ್ನು ತಳ್ಳಿಹಾಕಿ ಆಸ್ಪತ್ರೆಯನ್ನು ಪಟ್ಟಿಯಲ್ಲೇ ಉಳಿಸಿಕೊಳ್ಳುತ್ತಿತ್ತು.

ದೊಡ್ಡ ಸಂಸ್ಥೆಯವರು ಶೇ. 5 ಹೆಚ್ಚಾಯಿತು, 3ಕ್ಕೆ ಇಳಿಸಿ ಎಂದರು. ಇಳಿಸಿದೆವು. ಆದರೂ ಅವರು ಮತ ಹಾಕಲಿಲ್ಲ, ತಟಸ್ಥರಾಗಿ ಉಳಿದರು. ತಮ್ಮ ಭಿನ್ನಾಭಿಪ್ರಾಯವನ್ನು ನಡಾವಳಿಯಲ್ಲಿ ಬರೆಯಬೇಕೆಂದು ಹಟ ಹಿಡಿದರು, ಬರೆಸಿದೆ. ಕಂಪನಿಯ ಕರೆಗೆ ಓಗೊಡುತ್ತಾರೋ ಇಲ್ಲವೋ ಎಂದು ಅವರ ಆಡಳಿತ ಮಂಡಳಿ ಇನ್ನೂ ಯೋಚಿಸುತ್ತಿದೆ. ಹೋದರೆ ಒಕ್ಕೂಟದ ಚಂದಾದಲ್ಲಿ ಬಹುದೊಡ್ಡ ಪಾಲು ಹೋದ ಹಾಗೆ, ಎರಂಡವಣೆಯ ಕೋಣೆಯ ಬಾಡಿಗೆಗೆ ದಾರಿ ಹುಡುಕಬೇಕು. ಪ್ರಸ್ತಾವವೇನೋ ಪಾಸಾಯಿತು.

ಐವರ ಹೆಸರು ಬರೆಯುವಾಗ ಬೆಳಗಿನ ಅಫಜಲಪುರದ ಹಿರಿಯಾಕೆಯನ್ನೂ ಸೂಚಿಸಿದರು. ಅವರು ತಮ್ಮ ನಿಧಿಯ ಪ್ರತಿನಿಧಿಯಾಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಎದ್ದು ನಿಂತು ಕೇಳಿದರು: "ನಾನು ಬರುತ್ತೇನೆ. ಆದರೆ ತಮಿಳುನಾಡಿನವರ ಬಿಲ್ಲನ್ನು ನಾನು ಹೇಗೆ ಓದಲಿ? ತಮಿಳಿನಲ್ಲಿರುತ್ತದಲ್ಲ?"

ಚೆನ್ನೈ ಕಡೆಯಿಂದ ಬಂದಿದ್ದ ಪ್ರತಿನಿಧಿ ಹಿಂದಿಯಲ್ಲಿ ಉತ್ತರ ಕೊಟ್ಟರು, ಬಿಲ್ಲು ಎಲ್ಲ ಕಡೆ ಇಂಗ್ಲಿಷಿನಲ್ಲೇ ಇರುತ್ತದೆ ಎಂದು.

"ಹಾಗಾದರೆ ಸರಿ. ನಮ್ಮ ಬಿಲ್ಲೂ ನನಗೆ ಓದಲು ಬರುವುದಿಲ್ಲ" ಎಂದು ಅವರು ಕುಳಿತುಕೊಂಡರು. ಮೊದಲ ಬೈಠಕ್ಕನ್ನು ಯೆರವಡೆಯ ಸಮಾಜ ಮಂದಿರದಲ್ಲೇ ಇಟ್ಟುಕೊಳ್ಳುವುದೆಂದು ನಿರ್ಧಾರವಾಯಿತು. ಹೋಟೆಲಿನ ಖರ್ಚು ಉಳಿಯುತ್ತದೆ ಎಂದು ಲೆಕ್ಕಿಗ ಬಹಳ ಸಂತೋಷಪಟ್ಟ.