ಸಾರಿನ ವಾಸನೆ, ಸಂಜೆಯ ಪ್ರಾರ್ಥನೆ

ನಾನು ಸಿದ್ಧಗಂಗೆಗೆ ಬಂದಿದ್ದು ಎಂಟನೇ ಕ್ಲಾಸಿಗೆ. ಪಾವಗಡದ ಕಡೆಯ ಊರು ನಮ್ಮದು. ಒಂದು ಟ್ರಂಕು, ಎರಡು ಜೊತೆ ಬಟ್ಟೆ, ಅಷ್ಟೇ. ಅಪ್ಪ ನನ್ನನ್ನು ಬಿಟ್ಟು ಬಸ್ಸು ಹತ್ತಿದ ಮೇಲೆ ರಾತ್ರಿ ನಿದ್ದೆ ಅನ್ನೋದೇ ಹೋಯಿತು.

ಸಂಜೆಯ ಪ್ರಾರ್ಥನೆ ಅಂದರೆ ಆಗ ನನಗೆ ಬೇಜಾರು. ಬಯಲಲ್ಲಿ ಸಾವಿರಾರು ಹುಡುಗರು ಸಾಲಾಗಿ ಕೂರಬೇಕು. ಎಲ್ಲರ ಹಣೆಯಲ್ಲೂ ವಿಭೂತಿ. ನಾನು ನೀರು ಜಾಸ್ತಿ ಹಾಕಿ ಬಳಿದುಕೊಳ್ಳುತ್ತಿದ್ದೆ. ಒಣಗಿದ ಮೇಲೆ ಪುಡಿ ಉದುರಿ ರೆಪ್ಪೆ ಮೇಲೆ ಬೀಳುತ್ತಿತ್ತು. ಸಣ್ಣ ಸಣ್ಣ ಕಲ್ಲು ತೊಡೆಗೆ ಒತ್ತುತ್ತಿದ್ದವು. ಕಣ್ಣು ಮುಚ್ಚಿದರೆ ದೇವರಿಗಿಂತ ಮೊದಲು ಸಾರಿನ ವಾಸನೆ. ಸುಳ್ಳು ಯಾಕೆ ಹೇಳಲಿ, ಎಷ್ಟೋ ದಿನ ನನ್ನ ಧ್ಯಾನವೆಲ್ಲ ಮುದ್ದೆಯ ಮೇಲೇ ಇತ್ತು.

ಆ ವರ್ಷ ಮಳೆ ಕೈಕೊಟ್ಟಿತು. ಅಪ್ಪನ ಕಾರ್ಡು ಬಂತು. 'ಕಡ್ಲೆಕಾಯಿ ಒಣಗಿದೆ. ನಾನೂ ನಿಮ್ಮಮ್ಮನೂ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತೇವೆ. ನೀನು ಓದು.' ಆ ಕಾರ್ಡನ್ನು ಜೇಬಲ್ಲೇ ಇಟ್ಟುಕೊಂಡು ಓಡಾಡಿದೆ. ರಾತ್ರಿ ಹೊದಿಕೆಯೊಳಗೆ ಅಳುತ್ತಿದ್ದಾಗ ಪಕ್ಕದಲ್ಲಿ ಮಲಗುತ್ತಿದ್ದ ಹತ್ತನೇ ಕ್ಲಾಸಿನ ಅಣ್ಣ ಕೇಳಿಸಿಕೊಂಡ. "ನಾಳೆ ಇಷ್ಟು ಜನಕ್ಕೆ ಅಕ್ಕಿ ಎಲ್ಲಿಂದ ತರೋದು ಅಂತ ಬುದ್ಧಿಯವರು ರಾತ್ರಿಯೆಲ್ಲಾ ಲೆಕ್ಕ ಹಾಕ್ಕೊಂಡು ಕೂತಿದ್ರೆ ಮಠ ನಡೀತಿತ್ತೇನೋ? ದೇವ್ರ ಮೇಲೆ ಭಾರ ಹಾಕಿ ಮಲಕ್ಕೋ" ಅಂದ.

ಬುದ್ಧಿಯವರು ಅಂದರೆ ಶಿವಕುಮಾರ ಸ್ವಾಮೀಜಿ. ಸನ್ಯಾಸ ತೆಗೆದುಕೊಂಡಿದ್ದು 1930ರಲ್ಲಿ. ಭಕ್ತರು ತಂದು ಕೊಡುವ ದವಸ ನಂಬಿಕೊಂಡು ವರ್ಷಾನುಗಟ್ಟಲೆ ದಾಸೋಹ ನಡೆಸಿಕೊಂಡು ಬಂದಿದ್ದರು. ಅಣ್ಣ ಹೇಳಿದ್ದು ಬರೀ ಸಮಾಧಾನದ ಮಾತಲ್ಲ, ಕಣ್ಣೆದುರಿಗೇ ಇದ್ದದ್ದು.

ಮಾರನೇ ಸಂಜೆ ಕಾರ್ಡಿನ ಮೇಲೆ ಕೈಯಿಟ್ಟುಕೊಂಡು ಮಳೆ ಕೇಳಿದೆ. ಎಲ್ಲರ ಜೊತೆ ಬಾಯಿ ಬಿಟ್ಟು ಹೇಳಿದೆ. ಅಷ್ಟು ಗಂಟಲುಗಳ ನಡುವೆ ನನ್ನ ದನಿ ನನಗೇ ಕೇಳಿಸಲಿಲ್ಲ. ಯಾಕೋ ಅದೇ ಹಿತವಾಗಿತ್ತು. ಮಳೆಯೇನೂ ಬರಲಿಲ್ಲ ಬಿಡಿ. ಅಪ್ಪ ಅಮ್ಮ ಎರಡು ವರ್ಷ ಗಾರೆ ಹೊತ್ತರು. ಆದರೆ ಆ ರಾತ್ರಿ ನಾನು ಎಂಥಾ ನಿದ್ದೆ ಮಾಡಿದೆ ಅಂದರೆ, ಬೆಳಗ್ಗೆ ಗಂಟೆ ಹೊಡೆದದ್ದೂ ಗೊತ್ತಾಗದೆ ಅಣ್ಣ ಹೊದಿಕೆ ಎಳೆದು ಎಬ್ಬಿಸಬೇಕಾಯಿತು.

ಈಗ ನನಗೆ ನೈಟ್ ಡ್ಯೂಟಿಯ ಕೆಲಸ. ಮನೆಯಿಂದ ಹೊರಡುವ ಮುಂಚೆ ಹತ್ತು ನಿಮಿಷ ದೇವರ ಮುಂದೆ ಸುಮ್ನೆ ಕೂರುತ್ತೇನೆ. ಕೇಳುವುದು ಕಡಿಮೆ ಮಾಡಿದ್ದೇನೆ. ಸಾಲ, ಮಗನ ಫೀಸು, ಅಮ್ಮನ ಮಂಡಿ ನೋವು, ಎಲ್ಲವನ್ನೂ ಹೇಳಿ ಅಲ್ಲೇ ಬಿಟ್ಟು ಏಳುತ್ತೇನೆ.

2019ರ ಜನವರಿ 21ರಂದು ಬುದ್ಧಿಯವರು ಲಿಂಗೈಕ್ಯರಾದರು. ಆಗ ಅವರಿಗೆ 111 ವರ್ಷ. ಮಕ್ಕಳ ಊಟ ಆಗುವ ತನಕ ಸುದ್ದಿ ಹೇಳಬೇಡಿ ಅಂದಿದ್ದರಂತೆ. ಪೇಪರಿನಲ್ಲಿ ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಮೊನ್ನೆ ತುಮಕೂರಿಗೆ ಹೋದವನು ಸಂಜೆ ಮಠಕ್ಕೂ ಹೋದೆ. ಪ್ರಾರ್ಥನೆ ಶುರುವಾಗುವುದರಲ್ಲಿತ್ತು. ಕೊನೆಯ ಸಾಲಿನ ಹಿಂದೆ ಕೂರಲು ಹೋದರೆ ಮಂಡಿ ಬಗ್ಗಲಿಲ್ಲ. ಒಬ್ಬ ಹುಡುಗ ನನ್ನ ಕೈ ಹಿಡಿದು ಕೂರಿಸಿ, ಸ್ವಲ್ಪ ಸರಿದ. ಅವನ ರೆಪ್ಪೆ ಮೇಲೂ ವಿಭೂತಿ ಉದುರಿತ್ತು. ದಾಸೋಹದ ಕಡೆಯಿಂದ ಸಾರಿನ ವಾಸನೆ ಬರುತ್ತಿತ್ತು.